ನೂಲಿನಂತೆ ಸೀರೆ: ‘ಶಾರ್ಪ್ ಆಬ್ಜೆಕ್ಟ್ಸ್’ ಓದುವ ಬಗೆ (ಎರಡನೇ ಉತ್ತರದಿಂದ ಗುಟ್ಟೆಲ್ಲ ಬಯಲು, ಎಚ್ಚರ)

ಕಪಾಟಿನ ಇಲಿ:
ಗಿಲಿಯನ್ ಫ್ಲಿನ್ ಅವರ ಮೊದಲ ಕಾದಂಬರಿ, 2006ರದ್ದು. ಇನ್ನೂರೈವತ್ತು ಪುಟದ ಆಸುಪಾಸು, ದಪ್ಪ ಪುಸ್ತಕವೇನಲ್ಲ. ಶಿಕಾಗೋದ ಪತ್ರಕರ್ತೆ ಕಮಿಲ್, ಮಿಸೌರಿ ರಾಜ್ಯದ ತನ್ನ ಹುಟ್ಟೂರು ವಿಂಡ್ ಗ್ಯಾಪ್‌ಗೆ ವರದಿಗೆಂದು ಹೋಗುತ್ತಾಳೆ (ಊರು ಕಲ್ಪಿತ, ನಕ್ಷೆಯಲ್ಲಿ ಹುಡುಕಬೇಡಿ). ಅಲ್ಲಿ ಒಬ್ಬ ಹುಡುಗಿಯ ಕೊಲೆಯಾಗಿದೆ, ಇನ್ನೊಬ್ಬಳು ಕಾಣೆಯಾಗಿದ್ದಾಳೆ. ಉಳಿದುಕೊಳ್ಳುವುದು ತಾಯಿ ಅಡೋರಾಳ ಮನೆಯಲ್ಲಿ. ತಂಗಿಯ ಹೆಸರು ಅಮ್ಮ. ಹೌದು, ಅಮ್ಮ! ಅದರ ಬಗ್ಗೆ ಕೆಳಗೆ ಯಾರಾದರೂ ಮಾತಾಡಲೇಬೇಕು.

ಚರ್ಚೆಗೆ ಮೂರು ಪ್ರಶ್ನೆ. ಒಂದು, ಇದನ್ನು ಹೇಗೆ ಓದಿದರೆ ದಕ್ಕುತ್ತದೆ? ಎರಡು, ಇದರಲ್ಲಿನ ವೈದ್ಯಕೀಯ ಸಂಗತಿ ಎಷ್ಟು ನಿಜ? ಮೂರು, ಕೊನೆಯ ತಿರುವು ನ್ಯಾಯವಾದದ್ದೇ ಅಥವಾ ಓದುಗರಿಗೆ ಟೋಪಿಯೇ?

ಮೂರನೇ ಓದು:
ಗುಟ್ಟು ಬಿಡದೆ ಮೊದಲ ಪ್ರಶ್ನೆಗಷ್ಟೇ ಉತ್ತರ.

ಒಂದೇ ರಾತ್ರಿಯಲ್ಲಿ ಮುಗಿಸುವ ಹಟ ಬೇಡ. ಕಥೆ ವೇಗವಾಗಿ ಓಡುವುದಿಲ್ಲ, ಸೆಕೆಯಲ್ಲಿ ಬೆವರಿನಂತೆ ಅಂಟಿಕೊಳ್ಳುತ್ತದೆ. ನಾಲ್ಕು ಕೂತ ಓದು ಸರಿಯಾದ ಅಳತೆ. ಕಮಿಲ್ ಆಸ್ಪತ್ರೆಯ ಹಳೇ ಕಡತ ಹುಡುಕಿಕೊಂಡು ಹೋಗುವ ಪ್ರಸಂಗ ಬರುತ್ತದೆ. ಅದಕ್ಕೆ ಮುಂಚೆ ಪುಸ್ತಕ ಮುಚ್ಚಿ, ಕೊಲೆಗಾರ ಯಾರು, ಯಾಕೆ ಎಂದು ಎರಡು ಸಾಲು ಬರೆದಿಡಿ. ಕಡತ ಓದಿದ ಮೇಲೆ ಬರೆದರೆ ಪ್ರಯೋಜನವಿಲ್ಲ, ಯಾಕೆಂದರೆ ಆ ಪುಟಗಳು ನಿಮ್ಮ ಊಹೆಯನ್ನು ಪೂರ್ತಿ ತಮ್ಮ ಕಡೆ ಎಳೆದುಕೊಳ್ಳುತ್ತವೆ.

ಏನಿದೆ ಎಂದು ಮೊದಲೇ ತಿಳಿದಿರಲಿ: ಮಕ್ಕಳ ಕೊಲೆ, ಸ್ವಂತ ಚರ್ಮವನ್ನು ಗಾಯಗೊಳಿಸಿಕೊಳ್ಳುವುದು (ಕಥಾನಾಯಕಿಯ ಮೈಮೇಲೆ ಪದಗಳಿವೆ), ಕುಡಿತ, ಅಪ್ರಾಪ್ತರ ಮೇಲಿನ ಲೈಂಗಿಕ ದೌರ್ಜನ್ಯದ ನೆನಪು, ಹಂದಿ ಫಾರಂನ ಕ್ರೌರ್ಯ. ಗಾಯಗೊಳಿಸಿಕೊಳ್ಳುವ ಅಭ್ಯಾಸದಿಂದ ಈಗಷ್ಟೇ ಹೊರಬರುತ್ತಿರುವವರು ಇದನ್ನು ಮುಂದೂಡಿ. ಕಮಿಲ್‌ಳ ಸೆಳೆತವನ್ನು ಫ್ಲಿನ್ ಒಳಗಿನಿಂದ ಬರೆಯುತ್ತಾರೆ, ದೂರ ನಿಂತು ಬುದ್ಧಿ ಹೇಳುವುದಿಲ್ಲ. ಸಾಹಿತ್ಯವಾಗಿ ಅದೇ ಅದರ ಬಲ, ಓದುವವರಿಗೆ ಅದೇ ಅಪಾಯ. ಬಾಣಂತನದಲ್ಲಿರುವವರಿಗೂ ಇದೇ ಮಾತು. ಓದುತ್ತಾ ಮನಸ್ಸು ಹದಗೆಟ್ಟರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. 2022ರಲ್ಲಿ ಶುರುವಾದ ಆ ಸೇವೆಯ ಕೇಂದ್ರ ಹೊಣೆ ನಮ್ಮ ನಿಮ್ಹಾನ್ಸ್‌ದೇ.

ಇನ್ನು ಮುಂದೆ ಗುಟ್ಟು ಬಿಡುತ್ತೇವೆ. ಓದದವರು ಇಲ್ಲೇ ಇಳಿದುಕೊಳ್ಳಿ.

ವಾರ್ಡ್ 7:
ಎರಡನೇ ಪ್ರಶ್ನೆಗೆ. ಅಡೋರಾಗೆ ಇರುವುದನ್ನು ಪುಸ್ತಕ ಕರೆಯುವುದು ಮುಂಚೌಸೆನ್ ಬೈ ಪ್ರಾಕ್ಸಿ ಎಂದು. ಮಗುವಿಗೆ ತಾನೇ ಕಾಯಿಲೆ ಬರಿಸಿ, ತಾನೇ ಆರೈಕೆ ಮಾಡಿ, ‘ಎಂಥ ತಾಯಿ!’ ಅನ್ನಿಸಿಕೊಳ್ಳುವುದು. ಮುಂಚೌಸೆನ್ ಎಂಬ ಹೆಸರನ್ನು 1951ರಲ್ಲಿ ರಿಚರ್ಡ್ ಆಶರ್ ಎಂಬ ಬ್ರಿಟಿಷ್ ವೈದ್ಯರು ಕೊಟ್ಟರು, ಆಸ್ಪತ್ರೆಯಿಂದ ಆಸ್ಪತ್ರೆಗೆ ಸುಳ್ಳು ರೋಗ ಹೊತ್ತು ಅಲೆಯುವ ರೋಗಿಗಳಿಗೆ. ‘ಬೈ ಪ್ರಾಕ್ಸಿ’ಯನ್ನು ಸೇರಿಸಿದ್ದು 1977ರಲ್ಲಿ ರಾಯ್ ಮೆಡೋ, ‘ಲ್ಯಾನ್ಸೆಟ್’ ಪತ್ರಿಕೆಯ ಲೇಖನದಲ್ಲಿ. ಅಲ್ಲಿದ್ದದ್ದು ಎರಡೇ ಮಕ್ಕಳು. ಒಂದು ಮಗುವಿನ ಮೂತ್ರದ ಮಾದರಿಯನ್ನು ತಾಯಿ ಕಲಬೆರಕೆ ಮಾಡುತ್ತಿದ್ದಳು. ಇನ್ನೊಂದಕ್ಕೆ ಅದರ ತಾಯಿ ಉಪ್ಪು ಕೊಡುತ್ತಿದ್ದಳು, ಆ ಮಗು ಉಳಿಯಲಿಲ್ಲ.

ಮಾನಸಿಕ ಕಾಯಿಲೆಗಳ ಅಮೆರಿಕದ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲಿ ಹೆಸರು ಬದಲಾಗಿದೆ, ‘ಇನ್ನೊಬ್ಬರ ಮೇಲೆ ಹೇರಿದ ಕೃತಕ ಕಾಯಿಲೆ’ ಎಂಬರ್ಥದಲ್ಲಿ. ಓದುಗರು ಎಡವುವುದು ಇಲ್ಲೇ: ಈ ರೋಗನಿರ್ಣಯ ಅನ್ವಯಿಸುವುದು ಕೃತ್ಯ ಎಸಗಿದವರಿಗೆ, ಮಗುವಿಗಲ್ಲ. ಮಗುವಿನ ಮಟ್ಟಿಗೆ ಅದು ದೌರ್ಜನ್ಯ, ಅಷ್ಟೇ. ಹಣಕ್ಕಾಗಿಯೋ ರಜೆಗಾಗಿಯೋ ಸುಳ್ಳು ಕಾಯಿಲೆ ಹೇಳುವುದು ಬೇರೆ ವರ್ಗ.

ಪುಸ್ತಕ ಸರಿಯಾಗಿ ಹಿಡಿದಿರುವುದು: ತಾಯಿ ಊರಿಗೇ ಬೇಕಾದವಳು, ವೈದ್ಯರ ಭಾಷೆ ಗೊತ್ತಿರುವವಳು, ಹಾಸಿಗೆ ಬಿಟ್ಟು ಕದಲದವಳು. ಅಕ್ಕಪಕ್ಕದಲ್ಲಿ ವಿವರಣೆಯಿಲ್ಲದೆ ಸತ್ತ ಇನ್ನೊಂದು ಮಗು, ಇಲ್ಲಿ ಕಮಿಲ್‌ಳ ಇನ್ನೊಬ್ಬ ತಂಗಿ ಮರಿಯನ್. ಅಡೋರಾ ಒಂದೇ ವಸ್ತು ಕೊಡದೆ ಹಲವು ಔಷಧಿಗಳನ್ನು ಬೆರೆಸಿ ಕೊಡುತ್ತಾಳೆ. ಹಾಗಾಗಿ ದಿನಕ್ಕೊಂದು ಲಕ್ಷಣ, ಯಾವ ರೋಗದ ಚೌಕಟ್ಟಿಗೂ ಕೂರುವುದಿಲ್ಲ. ಚೌಕಟ್ಟಿಗೆ ಕೂರದಿದ್ದಾಗ ವೈದ್ಯರು ಅಪರೂಪದ ಕಾಯಿಲೆ ಹುಡುಕಲು ಹೊರಡುತ್ತಾರೆ, ತಾಯಿಯ ಕೈಚೀಲ ನೋಡುವುದಿಲ್ಲ.

ಸಂಪಿಗೆ ರಸ್ತೆ:
@ವಾರ್ಡ್ 7, ಹಾಗಾದರೆ ನಿಜದಲ್ಲಿ ಹಿಡಿಯುವುದು ಹೇಗೆ? ಪುಸ್ತಕದಲ್ಲಿ ಒಬ್ಬ ನರ್ಸ್ ಅನುಮಾನ ಬರೆದಿಟ್ಟಿದ್ದಾಳೆ, ಯಾರೂ ಕೇಳಲಿಲ್ಲ. ಅದು ಕಥೆಯ ಅನುಕೂಲಕ್ಕೆ ಅನ್ನಿಸಿತು.

ವಾರ್ಡ್ 7:
ಅನುಕೂಲವಲ್ಲ, ಹಾಗೇ ಆಗುತ್ತದೆ. ದಿನವಿಡೀ ಹಾಸಿಗೆಯ ಬಳಿ ಇರುವುದು ನರ್ಸ್‌ಗಳೇ, ‘ತಾಯಿ ಕ್ಯಾಂಟೀನಿಗೆ ಹೋದಾಗ ಮಗು ಚೆನ್ನಾಗಿರುತ್ತೆ’ ಎಂಬುದು ಮೊದಲು ಕಾಣುವುದು ಅವರಿಗೇ. ಹಿಡಿಯುವ ಮೊದಲ ದಾರಿಯೂ ಅದೇ: ತಾಯಿಯನ್ನು ದೂರ ಇಟ್ಟು ನೋಡುವುದು. ಲಕ್ಷಣ ನಿಂತುಹೋದರೆ ಅರ್ಧ ಉತ್ತರ ಸಿಕ್ಕಿತು.

ಉಳಿದರ್ಧ ಪ್ರಯೋಗಾಲಯದ್ದು. ಮಗುವಿನ ಸಕ್ಕರೆ ಪದೇಪದೇ ಕುಸಿಯುತ್ತಿದೆ, ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇದೆ ಅಂದುಕೊಳ್ಳಿ. ಮೈ ತಾನೇ ತಯಾರಿಸಿದ ಇನ್ಸುಲಿನ್ ಆದರೆ ಜೊತೆಗೆ ಸಿ-ಪೆಪ್ಟೈಡ್ ಎಂಬ ತುಣುಕೂ ಏರಿರಬೇಕು. ಇನ್ಸುಲಿನ್ ಮೇಲೆ, ಸಿ-ಪೆಪ್ಟೈಡ್ ಕೆಳಗೆ ಅಂದರೆ ಸೂಜಿಯಿಂದ ಬಂದದ್ದು. ಇನ್ನು ಉಪ್ಪಿನ ಲೆಕ್ಕ: ರಕ್ತದಲ್ಲಿ ಸೋಡಿಯಂ ಸಹಜವಾಗಿ ಲೀಟರಿಗೆ 135ರಿಂದ 145 ಮಿಲಿಮೋಲ್ ಇರುತ್ತದೆ. ನೀರಿಲ್ಲದೆ ಏರಿದ್ದರೆ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೂತ್ರದಲ್ಲಿ ಸೋಡಿಯಂ ಕಡಿಮೆ. ಹೊರಗಿನಿಂದ ತುಂಬಿದ್ದರೆ ಮೂತ್ರಕ್ಕೆ ಸುರಿಯುತ್ತದೆ. ರಕ್ತವನ್ನಷ್ಟೇ ಪರೀಕ್ಷಿಸಿ ಮೂತ್ರ ಬಿಟ್ಟರೆ ಈ ವ್ಯತ್ಯಾಸ ಕೈತಪ್ಪುತ್ತದೆ. ಇನ್ಸುಲಿನ್ ಪರೀಕ್ಷೆಗೆ ಬೇಕಾಗುವ ಮಾದರಿಯನ್ನು ಸಕ್ಕರೆ ಕುಸಿದ ಹೊತ್ತಿನಲ್ಲೇ ತೆಗೆಯಬೇಕು, ಮರುದಿನ ತೆಗೆದರೆ ಸಾಕ್ಷಿ ಕರಗಿರುತ್ತದೆ.

ಬ್ರಿಟನ್ನಿನ ಡೇವಿಡ್ ಸೌತಾಲ್ ಮತ್ತು ಸಂಗಡಿಗರು ಆಸ್ಪತ್ರೆ ಕೋಣೆಯಲ್ಲಿ ಗುಪ್ತ ಕ್ಯಾಮೆರಾ ಇಟ್ಟು ನೋಡಿದ್ದನ್ನು 1997ರಲ್ಲಿ ಪ್ರಕಟಿಸಿದರು. 39 ಮಕ್ಕಳ ಪೈಕಿ 33 ಮಕ್ಕಳ ಮೇಲೆ ದೌರ್ಜನ್ಯ ಕ್ಯಾಮೆರಾದಲ್ಲಿ ಸಿಕ್ಕಿತ್ತು. ವಿಧಾನದ ಬಗ್ಗೆ ದೊಡ್ಡ ಜಗಳವೂ ಆಯಿತು.

ಅರ್ಜಿ ಗುಮಾಸ್ತ:
ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯ. ಇದೇ ರಾಯ್ ಮೆಡೋ 1999ರಲ್ಲಿ ಸ್ಯಾಲಿ ಕ್ಲಾರ್ಕ್ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದರು. ಆಕೆಯ ಇಬ್ಬರು ಎಳೆ ಮಕ್ಕಳು ಸತ್ತಿದ್ದರು, ಆಕೆಯೇ ಕೊಂದಳೆಂಬ ಆರೋಪ. ಅಂಥ ಮನೆಯಲ್ಲಿ ಒಂದು ಹಠಾತ್ ಶಿಶುಮರಣದ ಸಾಧ್ಯತೆ 8,543ರಲ್ಲಿ ಒಂದು, ಎರಡಾಗಲು ಅದನ್ನು ಅದರಿಂದಲೇ ಗುಣಿಸಿ 7.3 ಕೋಟಿಯಲ್ಲಿ ಒಂದು ಎಂದರು. ತಪ್ಪು ಲೆಕ್ಕ. ಒಂದೇ ಮನೆ, ಒಂದೇ ರಕ್ತ, ಒಂದೇ ಕೋಣೆ. ಎರಡು ಸಾವು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಗುಣಿಸುವ ಹಾಗಿಲ್ಲ. ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ ಬಹಿರಂಗವಾಗಿ ಆಕ್ಷೇಪಿಸಿತು. 2003ರಲ್ಲಿ ಸ್ಯಾಲಿ ಬಿಡುಗಡೆಯಾದಳು, 2007ರಲ್ಲಿ ತೀರಿಕೊಂಡಳು. ಹಾಗಾಗಿ ಅಡೋರಾಳನ್ನು ಓದಿ ಮುಗಿಸಿದ ಹುರುಪಿನಲ್ಲಿ ಆಸ್ಪತ್ರೆಯಲ್ಲಿ ಕೂತ ಪ್ರತಿ ತಾಯಿಯ ಮೇಲೂ ಕಣ್ಣು ಹಾಕಬೇಡಿ. ನಿಜವಾಗಿ ಅಪರೂಪದ ಕಾಯಿಲೆ ಇರುವ ಮಕ್ಕಳ ತಾಯಂದಿರೂ ಹಾಗೇ ಇರುತ್ತಾರೆ: ಹಟ, ಫೈಲು, ಪ್ರಶ್ನೆ.

ನಮ್ಮಲ್ಲಿ ಇಂಥದ್ದು ಬಂದರೆ ಬಾಲನ್ಯಾಯ ಕಾಯ್ದೆ 2015ರ 75ನೇ ಕಲಂ ಅನ್ವಯಿಸುತ್ತದೆ, ಮಗುವಿನ ಪಾಲಕರೇ ಹಿಂಸಿಸಿದರೆ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ದಂಡ ಅಥವಾ ಎರಡೂ. ಅನುಮಾನ ತಿಳಿಸಲು ಮಕ್ಕಳ ಸಹಾಯವಾಣಿ 1098.

ಬೆಳಗಾವಿ ಕುಂದಾ:
ಈ ಪುಸ್ತಕ ಜಿಪ್ಸಿ ರೋಸ್ ಬ್ಲಾಂಚಾರ್ಡ್ ಪ್ರಕರಣ ಆಧರಿಸಿದ್ದು ಅಲ್ವಾ? ಅದೂ ಮಿಸೌರಿ, ಅದೂ ತಾಯಿ-ಮಗಳು.

ಮೂರನೇ ಓದು:
ಅಲ್ಲ, ಕಾಲ ಹಿಂದುಮುಂದಾಗಿದೆ. ಪುಸ್ತಕ 2006, ಜಿಪ್ಸಿಯ ತಾಯಿ ಡೀಡೀ ಬ್ಲಾಂಚಾರ್ಡ್ ಕೊಲೆ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನಡೆದದ್ದು 2015ರ ಜೂನ್. ರಾಜ್ಯ ಒಂದೇ ಎಂಬುದು ಬರೀ ಕಾಕತಾಳೀಯ; ಫ್ಲಿನ್ ಹುಟ್ಟಿ ಬೆಳೆದದ್ದು ಮಿಸೌರಿಯ ಕಾನ್ಸಾಸ್ ಸಿಟಿ. ಇನ್ನೊಂದು ವ್ಯತ್ಯಾಸ: ಅಲ್ಲಿ ಮಗಳು ಕೊಲ್ಲಿಸಿದ್ದು ತಾಯಿಯನ್ನು. ಇಲ್ಲಿ ಕಿರಿ ಮಗಳು ಕೊಲ್ಲುವುದು ತಾಯಿಯ ಗಮನ ಕದ್ದ ಬೇರೆ ಹುಡುಗಿಯರನ್ನು. ತಾಯಿಯನ್ನು ಮುಟ್ಟುವುದೇ ಇಲ್ಲ. ಆಕೆಗೆ ತಾಯಿ ಕೊಡುವ ಔಷಧಿ ವಿಷವಲ್ಲ, ಪ್ರೀತಿಯ ಪಾಲು.

ಬೆಳಗಾವಿ ಕುಂದಾ:
ಸರಿ, ಒಪ್ಪಿದೆ. ಆದರೂ ಕೊನೆ ಟೋಪಿಯೇ. 240 ಪುಟ ಅಡೋರಾ ಅಡೋರಾ ಅಂತ ಕುಣಿಸಿ, ಕಡೇ ಹತ್ತು ಪುಟದಲ್ಲಿ ಹದಿಮೂರು ವರ್ಷದ ಹುಡುಗಿ ಕೈಗೆ ಇಕ್ಕಳ ಕೊಟ್ಟರೆ ಹೇಗೆ? ಸಾಕ್ಷಿ ಎಲ್ಲಿತ್ತು?

ಮೂರನೇ ಓದು:
ಎಲ್ಲ ಇತ್ತು. ಎರಡನೇ ಓದಿಗೆ ಪೆನ್ಸಿಲ್ ಹಿಡಿದು ಕೂರಿ. ಹಾಳೆಯಲ್ಲಿ ಮೂರು ಕಂಬ ಎಳೆಯಿರಿ: ಅಮ್ಮ ಈ ದೃಶ್ಯದಲ್ಲಿ ಎಲ್ಲಿದ್ದಾಳೆ, ಅಡೋರಾ ಯಾವ ಮಗುವಿನ ಆರೈಕೆಯಲ್ಲಿದ್ದಾಳೆ, ಈ ಮಾತು ಯಾರ ಬಾಯಿಂದ ಬಂತು. ಎರಡನೇ ಕಂಬ ತುಂಬುತ್ತಿದ್ದಂತೆ ಮೊದಲನೆಯದು ಮಾತಾಡಲು ಶುರುಮಾಡುತ್ತದೆ.

ಗೊಂಬೆಮನೆ ನೋಡಿ. ಅದು ಅವರ ಮನೆಯದೇ ಪಡಿಯಚ್ಚು. ಊಟದ ಮೇಜಿನ ಮಾದರಿ ನಿಜದ ಮೇಜಿನಂತಿಲ್ಲ ಎಂದು ಅಮ್ಮ ಊರು ಹಾರಿಹೋಗುವ ಹಾಗೆ ರಂಪ ಮಾಡುತ್ತಾಳೆ. ಮುದ್ದು ಹಾಳುಮಾಡಿದ ಮಗು ಎಂದು ನಾವು ದಾಟಿಹೋಗುತ್ತೇವೆ. ಆ ರಂಪದ ಅರ್ಥ: ಈ ಮನೆಯಲ್ಲಿ ಒಂದೂ ವಸ್ತು ಅಂದಾಜಿನದ್ದಲ್ಲ. ಅಡೋರಾಳ ಮಲಗುವ ಕೋಣೆಯ ಪ್ರಸಿದ್ಧ ನೆಲವನ್ನು ಈ ಹುಡುಗಿ ಗೊಂಬೆಮನೆಯಲ್ಲಿ ಏನಿಂದ ಮಾಡುತ್ತಾಳೆ ಎಂದು ಆಗಲೇ ಕೇಳಬೇಕಿತ್ತು. ಸತ್ತ ಹುಡುಗಿಯರ ಹಲ್ಲು ಕಿತ್ತಿದೆ ಎಂಬುದಂತೂ ಶುರುವಿನಲ್ಲೇ ಹೇಳಿದ್ದಾರೆ.

ಕಾಣೆಯಾದ ಹುಡುಗಿ ನತಾಲಿಯನ್ನು ಕರೆದೊಯ್ದದ್ದು ಬಿಳಿ ಬಟ್ಟೆಯ ಹೆಂಗಸು ಎಂದು ಒಬ್ಬ ಹುಡುಗ ಹೇಳುತ್ತಾನೆ. ಪೊಲೀಸರು ತಳ್ಳಿಹಾಕುತ್ತಾರೆ, ಯಾಕೆಂದರೆ ಹಲ್ಲು ಕೀಳಲು ಗಂಡಸಿನ ಬಲ ಬೇಕು ಎಂಬ ಲೆಕ್ಕ. ಓದುಗರು ಪೊಲೀಸರಿಗಿಂತ ಜಾಣರಾಗಿ ‘ಹೆಂಗಸು’ ಎಂಬಲ್ಲಿಗೆ ಬರುತ್ತೇವೆ, ಅಲ್ಲೇ ನಿಲ್ಲುತ್ತೇವೆ. ಮಗುವಿನ ಕಣ್ಣಿಗೆ ಹೆಂಗಸಿನಂತೆ ಕಾಣುವ ಎತ್ತರದ ಹುಡುಗಿಯ ಯೋಚನೆ ಬರುವುದಿಲ್ಲ.

ಮತ್ತೆ, ಇನ್ನೊಬ್ಬರು ನಮಗೆ ಏನನ್ನೋ ಮಾಡಲು ಬಿಡುವುದೆಂದರೆ ನಿಜಕ್ಕೂ ನಾವೇ ಅವರಿಗೆ ಮಾಡುವುದು ಎಂಬರ್ಥದ ಮಾತನ್ನು ಅಮ್ಮ ಕಮಿಲ್‌ಗೆ ಹೇಳುತ್ತಾಳೆ. ಔಷಧಿ ಕುಡಿಯುವುದು ಅವಳ ಆಯುಧ ಎಂದು ಬಾಯಿಬಿಟ್ಟು ಹೇಳಿದಂತೆಯೇ.

ಮೋಸ ಎಲ್ಲಿ ಆಗುತ್ತದೆ ಅಂದರೆ, ಮರಿಯನ್‌ಳನ್ನು ಕೊಂದವಳು ಅಡೋರಾ ಎಂಬುದು ಸುಳ್ಳು ಸುಳಿವಲ್ಲ. ಅದು ನಿಜವಾದ ಅಪರಾಧ, ನಿಜವಾದ ಸಾಕ್ಷಿ, ನಿಜವಾದ ಶಿಕ್ಷೆ. ಸಾಮಾನ್ಯ ಪತ್ತೇದಾರಿಯಲ್ಲಿ ದಾರಿ ತಪ್ಪಿಸಲು ಖೊಟ್ಟಿ ಸುಳಿವು ಇಡುತ್ತಾರೆ, ಫ್ಲಿನ್ ಅಸಲಿಯನ್ನೇ ಇಟ್ಟಿದ್ದಾರೆ. ಒಂದು ಲೆಕ್ಕ ಸರಿಹೋದ ಕೂಡಲೇ ಪಕ್ಕದ ಲೆಕ್ಕವೂ ಸರಿಹೋಯಿತು ಅಂದುಕೊಂಡು ಪೆನ್ಸಿಲ್ ಕೆಳಗಿಟ್ಟವರು ನಾವೇ.

ಸಂಪಿಗೆ ರಸ್ತೆ:
ಒಂದು ಮಾತು ಸೇರಿಸುತ್ತೇನೆ. ನಮ್ಮವರು ಇನ್ನೂ ಬೇಗ ಬೀಳುತ್ತೇವೆ ಈ ಬಲೆಗೆ. ‘ಕುಪುತ್ರೋ ಜಾಯೇತ ಕ್ವಚಿದಪಿ ಕುಮಾತಾ ನ ಭವತಿ’ ಎಂದು ಬಾಯಿಪಾಠ ಮಾಡಿದ ಮನಸ್ಸಿಗೆ ಕೆಟ್ಟ ತಾಯಿ ಅಂದರೇ ದೊಡ್ಡ ಆಘಾತ. ಆ ಆಘಾತ ಅರಗಿಸಿಕೊಳ್ಳುವುದರಲ್ಲೇ ಶಕ್ತಿ ಮುಗಿದಿರುತ್ತದೆ, ಮಗಳನ್ನು ಅನುಮಾನಿಸಲು ಏನೂ ಉಳಿದಿರುವುದಿಲ್ಲ.

ಬೆಳಗಾವಿ ಕುಂದಾ:
ಆದರೆ ನಮಗೆ ಪೂತನಿ ಇದ್ದಾಳಲ್ಲ. ಹಾಲಲ್ಲಿ ವಿಷ ಇಟ್ಟವಳು. ಅಡೋರಾ ಹಾಲು ಹಿಡಿದುಕೊಂಡು ಬಂದಾಗಲೆಲ್ಲ ಯಕ್ಷಗಾನದ ಚೆಂಡೆ ಕೇಳಿಸಬೇಕಿತ್ತು!

ಸಂಪಿಗೆ ರಸ್ತೆ:
ಪೂತನಿ ಪರರ ಮಗುವಿಗೆ ಕೊಟ್ಟವಳು, ಕೊಲ್ಲಲೆಂದೇ ಬಂದವಳು. ಅಡೋರಾಗೆ ಮಗು ಸಾಯುವುದು ಬೇಕಿಲ್ಲ, ಗುಣವಾಗುವುದೂ ಬೇಕಿಲ್ಲ. ಹಾಸಿಗೆಯಲ್ಲೇ ಇರಬೇಕು. ಮರಿಯನ್ ಸತ್ತದ್ದು ಅಳತೆ ತಪ್ಪಿ. ಕಮಿಲ್ ಮೇಲೆ ಸಿಟ್ಟು ಯಾಕೆಂದರೆ ಅವಳು ಚಿಕ್ಕಂದಿನಲ್ಲೇ ಔಷಧಿ ಬೇಡ ಎಂದು ಮುಖ ತಿರುಗಿಸಿದವಳು. ಆ ಮನೆಯಲ್ಲಿ ಬದುಕಿ ಉಳಿದದ್ದು ತಾಯಿಯ ಪ್ರೀತಿ ಸಿಗದವಳು, ನೋಡಿ.

ರೀಲು ರಿಂಗಣ:
ಸರಣಿಯ ಬಗ್ಗೆ ಚಿಕ್ಕದಾಗಿ. 2018, ಎಚ್‌ಬಿಒ, ಎಂಟು ಕಂತು, ನಿರ್ದೇಶನ ಜಾನ್ ಮಾರ್ಕ್ ವ್ಯಾಲಿ. ಪ್ರತಿ ಕಂತಿನ ಹೆಸರೂ ಒಂದೇ ಪದ, ಕೊನೆಯದು ‘ಮಿಲ್ಕ್’ (ಪೂತನಿ ಪಕ್ಷದವರಿಗೆ ಒಂದು ಅಂಕ). ಪುಸ್ತಕದ ಶಿಕಾಗೋ ಅಲ್ಲಿ ಸೇಂಟ್ ಲೂಯಿಸ್ ಆಗಿದೆ. ಅಡೋರಾ ಪಾತ್ರಕ್ಕೆ ಪೆಟ್ರೀಷಿಯಾ ಕ್ಲಾರ್ಕ್‌ಸನ್‌ಗೆ ಗೋಲ್ಡನ್ ಗ್ಲೋಬ್ ಬಂತು. ಎಚ್ಚರ: ಕೊನೆ ಕಂತಿನಲ್ಲಿ ಹೆಸರುಗಳು ಓಡಲು ಶುರುವಾದ ಕೂಡಲೇ ಆಫ್ ಮಾಡಬೇಡಿ, ಕೊಲೆ ಹೇಗಾಯಿತು ಎಂಬುದು ಹೆಸರುಗಳ ಮಧ್ಯೆ ಮಿಂಚಿ ಹೋಗುತ್ತದೆ. ಪುಸ್ತಕದಲ್ಲಿರುವ ತಪ್ಪೊಪ್ಪಿಗೆ, ಕಾರಣ, ಶಿಕಾಗೋಗೆ ಬಂದ ಮೇಲಿನ ಹೊಸ ಗೆಳತಿ ಲಿಲಿಯ ಕೊಲೆ, ಗೊಂಬೆಮನೆಯ ನೆಲಹಾಸಿಗೆ ಅವಳ ಕೂದಲು, ಇವೆಲ್ಲ ಸರಣಿಯಲ್ಲಿ ಸಪೂರವಾಗಿದೆ ಅಥವಾ ಬದಲಾಗಿದೆ. ಮೊದಲು ಪುಸ್ತಕ, ಆಮೇಲೆ ಸರಣಿ. ಉಲ್ಟಾ ಮಾಡಿದರೆ ಕಮಿಲ್‌ಳ ಒಳಮಾತಿನ ಬದಲು ಏಮಿ ಆಡಮ್ಸ್ ಮುಖವೇ ತಲೆಯಲ್ಲಿ ಕೂರುತ್ತದೆ.

ಗುಂಡಕ್ಷರ:
ಇಷ್ಟು ಹೊತ್ತಾದರೂ ‘ಅಮ್ಮ’ನ ಹೆಸರಿನ ಗಂಟು ಯಾರೂ ಬಿಚ್ಚಲಿಲ್ಲ. ಇಂಗ್ಲಿಷಿನಲ್ಲಿ ಅದು ಬರೀ ಹೆಸರು. ಕನ್ನಡಕ್ಕೆ ತಂದರೆ ‘ಅಮ್ಮ ಅಡೋರಾಳ ಮಡಿಲಲ್ಲಿ ಮಲಗಿದಳು’ ಎಂದು ಬರೆಯಬೇಕು. ಮಗಳು ತಾಯಿ, ತಾಯಿ ಮಗಳು. ಕಥೆಯ ತಿರುಳು ಅದೇ ಆದರೂ 250 ಪುಟ ಹೀಗೆ ಬರೆದರೆ ಓದುಗ ಪ್ರತಿ ವಾಕ್ಯದಲ್ಲಿ ಮುಗ್ಗರಿಸುತ್ತಾನೆ. ‘ಆಮಾ’ ಎಂದು ಎಳೆದರೆ ವ್ಯಾಕರಣ ಉಳಿಯುತ್ತದೆ, ತಣ್ಣನೆಯ ನಡುಕ ಹೋಗುತ್ತದೆ. ಇನ್ನೊಂದು ಲಾಭವೂ ಇದೆ: ಆಯುರ್ವೇದದಲ್ಲಿ ಆಮ ಅಂದರೆ ಅರಗದೆ ಒಳಗೇ ಉಳಿದು ವಿಷವಾದದ್ದು. ಒಂದು ಉಪಾಯ: ಹೆಸರು ‘ಆಮಾ’ ಇಟ್ಟು, ಅಡೋರಾಳನ್ನು ಮಕ್ಕಳು ‘ಮಮ್ಮಿ’ ಅನ್ನದೆ ‘ಅಮ್ಮಾ’ ಎಂದೇ ಕರೆಯುವಂತೆ ಮಾಡುವುದು. ಕಿವಿಗೆ ಎರಡೂ ತಾಕಲಿ.

ಮೈಮೇಲಿನ ಪದಗಳು ಇನ್ನೂ ಕಷ್ಟ. ಇಂಗ್ಲಿಷಿನ ಅಕ್ಷರ ಬಹುಪಾಲು ನೇರ ಗೆರೆ. ತಾಳೆಗರಿ ಸೀಳದಿರಲಿ ಎಂದೇ ನಮ್ಮ ಲಿಪಿ ಗುಂಡಗಾಯಿತು ಅನ್ನುತ್ತಾರೆ, ಅಂಥ ಲಿಪಿಯಲ್ಲಿ ಚರ್ಮ ಸೀಳುವ ಪದ! ಅಕ್ಷರದ ಆಕಾರ ಬಿಟ್ಟು ಅರ್ಥವನ್ನಷ್ಟೇ ತರಬೇಕು. ಕಮಿಲ್‌ಳ ಮೊದಲ ಪದಕ್ಕೆ ‘ಕೇಡಿ’ ಸಾಕು. ಕೊನೆಯ ಪದ ‘ವ್ಯಾನಿಶ್’. ಇದಕ್ಕೆ ಮಾತ್ರ ಕನ್ನಡ ಇಂಗ್ಲಿಷಿಗಿಂತ ಮುಂದಿದೆ: ‘ಮಾಯ’. ಮಾಯವಾಗುವುದು ಅಂದರೆ ಕಾಣದಾಗುವುದು, ಗಾಯ ಮಾಯುವುದು ಅಂದರೆ ವಾಸಿಯಾಗುವುದು. ಅವಳ ಮೈಮೇಲೆ ಎಂದೂ ಮಾಯದ ‘ಮಾಯ’. ಮೂಲದಲ್ಲಿ ಇಲ್ಲದ ಶ್ಲೇಷೆ, ಆದರೆ ಮೂಲಕ್ಕೆ ದ್ರೋಹವಿಲ್ಲ.

ಬೆಳಗಾವಿ ಕುಂದಾ:
ವಿಂಡ್ ಗ್ಯಾಪ್ ಜನ ಯಾವ ಕನ್ನಡ ಮಾತಾಡಬೇಕು? ದಯವಿಟ್ಟು ‘ಹಳ್ಳಿ ಅಂದರೆ ನಮ್ಮ ಕಡೆ ಭಾಷೆ’ ಅಂತ ಮಾಡಬ್ಯಾಡ್ರಿ. ಸಿನಿಮಾದವರು ಮಾಡಿದ್ದು ಸಾಕು.

ಗುಂಡಕ್ಷರ:
ಮಾಡಲ್ಲ ಮಾರಾಯ್ರೆ. ಪ್ರಾದೇಶಿಕ ಭಾಷೆ ಬೇಡವೇ ಬೇಡ. ವ್ಯತ್ಯಾಸ ಇರುವುದು ಊರಿನದ್ದಲ್ಲ, ಮನೆತನದ್ದು. ಅಡೋರಾ ಹಂದಿ ಫಾರಂ ಒಡತಿ, ಹಳೇ ಸಿರಿವಂತೆ. ಅವಳ ಮಾತು ಮೆಲ್ಲಗೆ, ಪೂರ್ಣ ವಾಕ್ಯದಲ್ಲಿ, ‘ಕಂದಾ, ಒಂದು ಗುಟುಕು’ ಎಂಬ ಧಾಟಿಯಲ್ಲಿ ಇದ್ದರೆ ಸಾಕು. ದನಿ ಎಂದೂ ಏರಬಾರದು. ಏರಿದರೆ ಅವಳು ಧಾರಾವಾಹಿಯ ಅತ್ತೆಯಾಗಿಬಿಡುತ್ತಾಳೆ.

ಮೂರನೇ ಓದು:
@ಗುಂಡಕ್ಷರ, ಅಡೋರಾಳ ಕೋಣೆಯ ನೆಲವನ್ನು ಏನೆಂದು ಬರೆಯುತ್ತೀರಿ? ಅಲ್ಲೇ ಎಲ್ಲ ಇದೆ.

ಗುಂಡಕ್ಷರ:
ಅದನ್ನೇ ಕಾಯುತ್ತಿದ್ದೆ. ಆನೆದಂತದ ಬಿಲ್ಲೆ ಹಾಸಿದ ನೆಲ, ಅಂತರರಾಷ್ಟ್ರೀಯ ನಿಷೇಧಕ್ಕೂ ಬಹಳ ಹಿಂದಿನದು. ನಮ್ಮವರಿಗೆ ಆ ಸಿರಿ ಕಣ್ಣಿಗೆ ಕಟ್ಟುವುದು ಸುಲಭ, ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಲ್ಲಿ ಕೂಡಿಸಿದ ದಂತದ ಕುಸುರಿ ನೋಡಿದವರಿದ್ದಾರೆ.

ತೊಡಕು ಇದು. ಇಂಗ್ಲಿಷಿನಲ್ಲಿ ‘ಐವರಿ’ ಎಂದರೆ ಸಾಮಾನ್ಯ ಓದುಗನಿಗೆ ಬೆಲೆಬಾಳುವ ಬಿಳಿ ವಸ್ತು, ಹಲ್ಲು ನೆನಪಾಗುವುದಿಲ್ಲ. ಕನ್ನಡದಲ್ಲಿ ‘ದಂತದ ನೆಲ’ ಎಂದು ಬರೆದ ಕ್ಷಣ ‘ಹಲ್ಲಿನ ನೆಲ’ ಎಂದೇ ಬರೆದಂತಾಯಿತು. ದಂತವೈದ್ಯರ ಬೋರ್ಡು ಓದಬಲ್ಲ ಯಾರಿಗೂ ಅದು ಕೇಳಿಸುತ್ತದೆ. ‘ಆನೆಯ ಕೋರೆ’ ಎಂದರೆ ಗುಟ್ಟು ಉಳಿದೀತು, ಆದರೆ ಕೋರೆಯೂ ಹಲ್ಲೇ. ‘ಐವರಿ’ ಎಂದೇ ಬಿಟ್ಟರೆ ಹೇಡಿತನ.

ಬೆಳಗಾವಿ ಕುಂದಾ:
ಅಂದ್ರೆ ಕನ್ನಡದಾಗ ಓದಿದವರಿಗೆ ಮೊದಲೇ ಗೊತ್ತಾಗಿಬಿಡ್ತದ.

ಮೂರನೇ ಓದು:
ಗೊತ್ತಾಗುವುದಿಲ್ಲ, ಪಂದ್ಯ ಕಟ್ಟಿ. ಪದ ಕಣ್ಣೆದುರಿಗೇ ಇದ್ದರೂ ಅಡೋರಾಳ ಹಾಲಿನ ಲೋಟ ನೋಡುತ್ತಾ ದಾಟಿಹೋಗುತ್ತಾರೆ. ‘ದಂತದ ನೆಲ’ ಎಂದೇ ಬರೆಯಿರಿ, ಮೊದಲ ಸಲ ಬಂದಾಗ ಮಾತ್ರ ‘ಆನೆ’ ಸೇರಿಸಿ, ಆಮೇಲೆ ಬಿಟ್ಟುಬಿಡಿ. ಟೋಪಿ ಎಂದು ದೂರುವವರಿಗೆ ಆ ಪುಟದ ಸಂಖ್ಯೆ ಕೊಟ್ಟರಾಯಿತು.

ಗುಂಡಕ್ಷರ:
ಮೊದಲ ಸಲ ಆನೆ, ಆಮೇಲೆ ಬರೀ ದಂತ. ಬರೆದುಕೊಂಡೆ.